ರಾಣಿಪುರದಲ್ಲಿ ಕಂಡ ಕೆಂಪು ಹೊಟ್ಟೆಯ ಹಕ್ಕಿ ಯಾವುದು?

ಪ್ರಶ್ನೆ: ಸರ್, ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದವನು. ಕಳೆದ ಭಾನುವಾರ ಅಕ್ಕನ ಮಗನ ಜೊತೆ ರಾಣಿಪುರಕ್ಕೆ ಹೋಗಿದ್ದೆ. ಹುಲ್ಲಿನ ಬೆಟ್ಟ ಸಿಗುವ ಮೊದಲು ಕಾಡಿನ ದಾರಿ ಇದೆಯಲ್ಲ, ಅಲ್ಲಿ ನೆರಳಿನ ಕೊಂಬೆಯಲ್ಲಿ ಒಂದು ಹಕ್ಕಿ ಕೂತಿತ್ತು. ಹೊಟ್ಟೆ ಕಡು ಕೆಂಪು, ತಲೆ ಕಪ್ಪು, ಬಾಲ ಉದ್ದ. ಮೊಬೈಲು ತೆಗೆಯುವಷ್ಟರಲ್ಲಿ ನಮಗೆ ಬೆನ್ನು ಹಾಕಿತು. ಫೋಟೋದಲ್ಲಿ ಬಂದದ್ದು ಬರೀ ಕಂದು ಬಣ್ಣ! ಪಕ್ಕದಲ್ಲೇ ಇನ್ನೊಂದು ಇತ್ತು, ಅದರ ಹೊಟ್ಟೆ ಮಾಸಲು ಕಿತ್ತಳೆ. ಹುಡುಗ ಚಿತ್ರಪಕ್ಷಿ ಅಂತಾನೆ. ಎರಡೂ ಬೇರೆ ಬೇರೆ ಜಾತಿಯಾ?

ಉತ್ತರ: ಬೆನ್ನು ಹಾಕಿತು ಅಂದ್ರಲ್ಲ, ಅಲ್ಲೇ ನನಗೆ ಅರ್ಧ ಉತ್ತರ ಸಿಕ್ಕಿತು. ಇದು ಕಾಕರಣೆ ಹಕ್ಕಿ, ಮಲಬಾರ್ ಟ್ರೋಗನ್. ನಿಮ್ಮ ಕಡೆ ಮಲಯಾಳದಲ್ಲಿ ತೀಕ್ಕಾಕ್ಕ ಅಂತಾರೆ, ಬೆಂಕಿ ಕಾಗೆ. ಜನರನ್ನು ಕಂಡರೆ ಕೆಂಪು ಹೊಟ್ಟೆಯನ್ನು ಆಚೆ ತಿರುಗಿಸಿ ಅಲ್ಲಾಡದೆ ಕೂರುತ್ತದೆ. ಕಂದು ಬೆನ್ನು ಕಾಡಿನ ನೆರಳಲ್ಲಿ ಕಾಣುವುದೇ ಇಲ್ಲ.

ನೀವು ಕಂಡದ್ದು ಜೋಡಿ. ಕೆಂಪು ಹೊಟ್ಟೆಯದ್ದು ಗಂಡು, ಕಿತ್ತಳೆಯದ್ದು ಹೆಣ್ಣು. ಗಂಡಿನ ಕಪ್ಪು ಎದೆಗೂ ಕೆಂಪು ಹೊಟ್ಟೆಗೂ ನಡುವೆ ಮಾಲೆ ಹಾಕಿದ ಹಾಗೆ ಬಿಳಿ ಪಟ್ಟಿ ಇರುತ್ತದೆ, ಕಣ್ಣಿನ ಸುತ್ತ ನೀಲಿ. ಹೆಣ್ಣಿಗೆ ಕಪ್ಪು ತಲೆಯೂ ಇಲ್ಲ, ಬಿಳಿ ಪಟ್ಟಿಯೂ ಇಲ್ಲ.

ಹುಡುಗನ ಊಹೆ ತೀರಾ ತಪ್ಪೇನಲ್ಲ. ಗಂಡು ಚಿತ್ರಪಕ್ಷಿಗೂ ಕಪ್ಪು ತಲೆ, ಕೆಂಡದಂಥ ಹೊಟ್ಟೆ. ಆದರೆ ಅದು ಸಣ್ಣದು, ಮರದ ತುದಿಯಲ್ಲಿ ಗುಂಪು ಕಟ್ಟಿಕೊಂಡು ಒಂದು ನಿಮಿಷ ಸುಮ್ನಿರುವುದಿಲ್ಲ. ಅದರ ಹೆಣ್ಣಿನ ಹೊಟ್ಟೆ ಅಚ್ಚ ಹಳದಿ. ಕಾಕರಣೆ ಸುಮಾರು 31 ಸೆಂಟಿಮೀಟರ್, ಬಾಲದ ತುದಿ ಕತ್ತರಿಸಿದ ಹಾಗೆ ಚೌಕ.

ಪ್ರಶ್ನೆ: ಬಿಳಿ ಪಟ್ಟಿ ಇತ್ತು ಸರ್, ಹುಡುಗನಿಗೂ ನೆನಪಿದೆ. ಮುಂದಿನ ತಿಂಗಳು ಮತ್ತೆ ಹೋಗ್ತೇವೆ. ಮೊಬೈಲಿನಲ್ಲಿ ಅದರ ಕೂಗು ಹಾಕಿದರೆ ಹತ್ತಿರ ಬರ್ತದಾ?

ಉತ್ತರ: ಬರಬಹುದು, ಆದರೆ ದಯವಿಟ್ಟು ಬೇಡ. ಫೆಬ್ರವರಿಯಿಂದ ಮೇವರೆಗೆ ಅದಕ್ಕೆ ಮರಿ ಮಾಡುವ ಸಮಯ. ಗಂಡು ನಿಮ್ಮ ಮೊಬೈಲನ್ನು ಇನ್ನೊಂದು ಗಂಡು ಅಂದುಕೊಂಡು ಗೂಡು ಬಿಟ್ಟು ಓಡಿ ಬರುತ್ತದೆ. ಗೂಡೂ ಭದ್ರವಾದದ್ದೇನಲ್ಲ. ಕೊಳೆತು ಲಡ್ಡಾದ ಮರದ ಬೊಡ್ಡೆಯನ್ನು ಕೊಕ್ಕಿನಿಂದ ಕೆರೆದು ಮಾಡಿದ ಸಣ್ಣ ಗುಳಿ, ಅಷ್ಟೇ. ದಾರಿ ಬದಿಯ ಅಂಥ ಬೊಡ್ಡೆಗಳಿಗೆ ಒದೆಯಬೇಡ ಅಂತ ಹುಡುಗನಿಗೂ ಹೇಳಿಬಿಡಿ. ಬೆಳಿಗ್ಗೆ ಬೇಗ ಹೋಗಿ ಸುಮ್ನೆ ನಿಲ್ಲಿ. ಬೇಸರ ಹತ್ತಿದ ಹಾಗೆ ‘ಕ್ಯೂ... ಕ್ಯೂ...’ ಎಂಬ ದನಿ ಕೇಳಿದರೆ ತುದಿ ನೋಡಬೇಡಿ, ನಡುಮರದ ಕೊಂಬೆ ನೋಡಿ.