ಆಶ್ಲೇಷ ಮಳೆಗೆ ಮುಂಚೆ ಏನು ಮಾಡಿಟ್ಟುಕೊಳ್ಳಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ, ಬಣಕಲ್ ಕಡೆಯಿಂದ: ಅಪ್ಪನ ಮನೆ ಗುಡ್ಡದ ಬುಡದಲ್ಲಿದೆ. ಹಿಂದೆ ಕಾಫಿ ತೋಟ. ಮನೆಗೆ ಒತ್ತಿಕೊಂಡೇ ಎತ್ತರದ ಸಿಲ್ವರ್ (ಸಿಲ್ವರ್ ಓಕ್, ಕಾಫಿಗೆ ನೆರಳಿನ ಮರ) ಮರಗಳಿವೆ, ಮೆಣಸು ಹಬ್ಬಿದೆ. ಕೈಯಲ್ಲಿ ಒಂದು ಲಕ್ಷ ಇದೆ. ಮರ ತೆಗೆಸಲಾ, ಮನೆಯ ಮಾಡು (ಛಾವಣಿ) ಗಟ್ಟಿ ಮಾಡಿಸಲಾ?

ಕೊಟ್ಟಿಗೆಹಾರ: ಮೊದಲು ಪಹಣಿ ನೋಡಿಕೊಳ್ಳಿ. 2019ರ ಆಗಸ್ಟ್‌ನಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜಾರಿದಾಗ ನಮ್ಮ ಮನೆಯೂ ಹೋಯಿತು. ಸರ್ಕಾರ 5 ಲಕ್ಷ ಘೋಷಿಸಿತು, ಆದರೆ ಬಂದದ್ದು ಕಂತಿನಲ್ಲಿ. ಪಾಯ ಹಾಕಿ ಫೋಟೋ, ಗೋಡೆ ಎದ್ದ ಮೇಲೆ ಫೋಟೋ. ಲಿಂಟಲ್ ತನಕ ಬಂದು ಹಣ ನಿಂತಿತು. ಲಾರಿ ಒಳಗೆ ಬರುವುದಿಲ್ಲ, ಜಲ್ಲಿ, ಮರಳು ಎಲ್ಲ ಪಿಕಪ್‌ನಲ್ಲಿ, ಬಾಡಿಗೆಯೇ ದುಪ್ಪಟ್ಟು. ಕೊಟ್ಟಿಗೆಯಲ್ಲಿಟ್ಟ ಸಿಮೆಂಟ್ ಮೂಟೆ ಕಲ್ಲಾಯಿತು. ಹೆಂಡತಿಯ ಸರ ಅಡ ಇಟ್ಟು ಮಾಡು ಮುಚ್ಚಿದೆ. ಪಕ್ಕದ ಮನೆಯವರು ಇನ್ನೂ ಬಾಡಿಗೆ ಮನೆಯಲ್ಲಿದ್ದಾರೆ. ಅವರದು ಒತ್ತುವರಿ ಜಾಗ, ಕಾಗದವೇ ಇಲ್ಲ.

ಹೆತ್ತೂರು: ಸಿಲ್ವರ್ ಇಟ್ಟುಕೊಂಡವರಿಗೆ ಇದೇ ಗತಿ. ನಾನು ಮನೆ ಸುತ್ತ ಒಂದೂ ಬಿಟ್ಟಿಲ್ಲ. ಗಾಳಿಗೆ ನಡುವೆಯೇ ಮುರಿಯುತ್ತದೆ, ಬಿದ್ದರೆ ಕೆಳಗಿನ ಕಾಫಿ ಗಿಡ ಸಾಲಾಗಿ ಸೀಳುತ್ತದೆ. ನಮ್ಮ ಹಲಸು, ಅತ್ತಿ, ನೇರಳೆ ಎಲ್ಲ ನಿಂತಿವೆ. ಮೇ ತಿಂಗಳಲ್ಲೇ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಮುಗಿಸುತ್ತೇನೆ. ಮರ ಹತ್ತುವವರ ಕೂಲಿ ಜಾಸ್ತಿ ಆಯಿತು, ಆದರೂ ಬಿಡುವುದಿಲ್ಲ.

ಆಲ್ದೂರು: ಸ್ವಾಮಿ, ಅವರದು ಗುಡ್ಡ ಜಾರಿದ್ದು, ಮರ ಬಿದ್ದದ್ದಲ್ಲ. ಓದಿ ಮಾತಾಡಿ. ಕಾಫಿ ದರ ಬಿದ್ದ ವರ್ಷಗಳಲ್ಲಿ ಮಗಳ ಫೀಸು ಕಟ್ಟಿದ್ದು ಸಿಲ್ವರ್ ಮೇಲಿನ ಮೆಣಸು. ಮರ ಬಿದ್ದಾಗ ನನಗೂ ನಷ್ಟ ಆಯಿತು. ಬಳ್ಳಿ ನೆಲಕ್ಕೆ ಒರಗಿ ಕೊಳೆಯಿತು. ಸೀಳಿದ ರೋಬಸ್ಟಾ ಕಾಫಿ ಗಿಡವನ್ನು ಮೊಣಕಾಲಿಗಿಂತ ಕೆಳಗೆ ಓರೆಯಾಗಿ ಕೊಯ್ದು, ಒಂದು ಒಳ್ಳೆಯ ಚಿಗುರು ಬಿಟ್ಟು ಉಳಿದದ್ದು ತೆಗೆದೆ. ಹೊಸ ಸಸಿಗಿಂತ ಬೇಗ ಫಸಲು ಬಂತು. ಬೇರೆ ಕಡೆ ಸಸಿ ನೆಟ್ಟವರು ನಾಲ್ಕು ವರ್ಷ ಕಾದರು.

ಹೆತ್ತೂರು: ಮೆಣಸು ಹಲಸಿಗೂ ಹಬ್ಬುತ್ತದೆ.

ಆಲ್ದೂರು: ಹಬ್ಬುತ್ತದೆ. ನೆರಳು ಜಾಸ್ತಿಯಾದರೆ ಕಾಯಿ ಕಟ್ಟುವುದು ಕಡಿಮೆ, ಅದನ್ನೂ ಹೇಳಿ.

ಕಳಸ: ಮರದ ಜಗಳ ಆಮೇಲೆ. ಅಡಿಕೆ, ಮೆಣಸಿಗೆ ಹವಾಮಾನ ವಿಮೆ ಕಟ್ಟಿದ್ದೀರಾ? ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ನಾವು ಕಟ್ಟುವುದು 6,400. ಕೊಳೆ ರೋಗ ಬಂದು ಅರ್ಧ ಅಡಿಕೆ ಉದುರಿದ ವರ್ಷ ನನಗೆ ಕೈ ಹಿಡಿದದ್ದು ಅದೇ.

ಕೊಟ್ಟಿಗೆಹಾರ: ನಿಮ್ಮ ಪಂಚಾಯಿತಿಯ ಮಳೆ ಮಾಪಕ ಸರಿಯಾದ ಜಾಗದಲ್ಲಿದೆ, ಅದಕ್ಕೇ ಬಂತು. ನಮ್ಮಲ್ಲಿ ಮಾಪಕ ಕೆಳಗಿನ ಊರಲ್ಲಿ, ಮಳೆ ಸುರಿಯುವುದು ಮೇಲಿನ ಗುಡ್ಡದಲ್ಲಿ. ವಿಮೆ ಲೆಕ್ಕ ನೋಡುವುದು ಮಾಪಕದ ಮಳೆ, ನನ್ನ ತೋಟವನ್ನಲ್ಲ. ಜಾರಿ ಹೋದ ತೋಟಕ್ಕೆ ಆ ವರ್ಷ ಸಿಕ್ಕಿದ್ದು ಬೆಳೆ ಪರಿಹಾರ ಅಷ್ಟೇ. ಹೆಕ್ಟೇರಿಗೆ 28,000, ಅದೂ ಎರಡು ಹೆಕ್ಟೇರ್‌ಗೆ ಮಿತಿ. ಮಣ್ಣು ತೆಗೆಸಿದ ಜೆಸಿಬಿ ಬಾಡಿಗೆಗೆ ಸಾಲಲಿಲ್ಲ.

ಕಳಸ: ಬಂದವರ ಮೇಲೆ ಸಿಟ್ಟು ಯಾಕೆ? ನಾನು ಪ್ರೀಮಿಯಂ ಬಿಡದೆ ಕಟ್ಟಿದ್ದೇನೆ.

ಕೊಟ್ಟಿಗೆಹಾರ: ಸಿಟ್ಟು ನಿಮ್ಮ ಮೇಲಲ್ಲ. ಮಳೆಗೆ ಮುಂಚೆ ತೋಟದ, ಮನೆಯ ನಾಲ್ಕೂ ದಿಕ್ಕಿನ ಫೋಟೋ ತೆಗೆದು ದೂರದ ನೆಂಟರ ಮೊಬೈಲ್‌ಗೂ ಕಳಿಸಿಡಿ ಅಂತ ಎಲ್ಲರಿಗೂ ಹೇಳುತ್ತಿದ್ದೇನೆ. ಮಣ್ಣಿನಡಿ ಸೇರಿದ ಮೇಲೆ ಇಲ್ಲಿ ಮನೆ ಇತ್ತು ಅಂತ ನಾವೇ ಸಾಬೀತು ಮಾಡಬೇಕು.

ಬಣಕಲ್: ಗುಡ್ಡದ ಮೇಲಿನ ಇಂಗುಗುಂಡಿಗಳ ಕಥೆ ಏನು? ಅಪ್ಪ ತೊಟ್ಟಿಲುಗುಂಡಿ (ಮಳೆನೀರು ಇಂಗಲು ಗಿಡಗಳ ನಡುವೆ ತೆಗೆಯುವ ಉದ್ದನೆಯ ಗುಂಡಿ) ತೆಗೆಸಿದ್ದಾರೆ.

ಹೆತ್ತೂರು: ತೊಟ್ಟಿಲುಗುಂಡಿ ಇಲ್ಲದ ತೋಟ ತೋಟವೇ ಅಲ್ಲ. ಬೇಸಿಗೆಯಲ್ಲಿ ಗಿಡ ಬದುಕುವುದೇ ಅದರಿಂದ.

ಕೊಟ್ಟಿಗೆಹಾರ: ಸಮತಟ್ಟು ತೋಟದಲ್ಲಿ ತೆಗೆಯಿರಿ, ಬೇಡ ಎಂದವರು ಯಾರು? ಕಡಿದಾದ ಗುಡ್ಡದಲ್ಲಿ, ಮನೆ ನೆತ್ತಿಯ ಮೇಲೆ ನೀರು ನಿಲ್ಲಿಸಬೇಡಿ. ನಮ್ಮಲ್ಲಿ ಬಿರುಕು ಬಿಟ್ಟದ್ದು ಗುಂಡಿಯ ಸಾಲಿನಲ್ಲೇ. ಬಣಕಲ್‌ನವರೇ, ಆ ಒಂದು ಲಕ್ಷದಲ್ಲಿ ಮೊದಲು ಮನೆ ಹಿಂದಿನ ಗುಂಡಿ ಮುಚ್ಚಿಸಿ, ನೀರು ಹಳ್ಳಕ್ಕೆ ಹೋಗುವ ಹಾಗೆ ಚರಂಡಿ ಬಿಡಿಸಿ. ಗುಡ್ಡದ ಬುಡದಲ್ಲಿ ಕೆಸರು ನೀರು ಹೊಸದಾಗಿ ಒಸರಿದರೆ ಆ ರಾತ್ರಿ ಅಲ್ಲಿ ಮಲಗಬೇಡಿ.

ಆಲ್ದೂರು: ಮರ ಮಾತ್ರ ಕಡಿಸಬೇಡಿ. ತುದಿ ಇಳಿಸಿದರೆ ಸಾಕು.

ಹೆತ್ತೂರು: ಮನೆಗೆ ಒತ್ತಿಕೊಂಡ ಮರ ಅಂತ ಬರೆದಿದ್ದಾರೆ, ನೀವೇ ಓದಿ!