ಮಡಗಾಸ್ಕರ್ ಪದ್ಧತಿ ಭತ್ತ ನಮ್ಮೂರಲ್ಲಿ ಯಾಕೆ ನಿಲ್ಲಲಿಲ್ಲ? ಮಾಡಿ ಬಿಟ್ಟವರು, ಇನ್ನೂ ಮಾಡುತ್ತಿರುವವರು ಹೇಳಿ

ಮದ್ದೂರಿನ ಹುಡುಗ:

ಎಲ್ಲರಿಗೂ ನಮಸ್ಕಾರ. ನಮ್ಮದು ಮದ್ದೂರು ತಾಲ್ಲೂಕು, ನಾಲೆ ನೀರಿನ ಗದ್ದೆ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಎರಡು ವರ್ಷ ಆಯಿತು. ಹೋದ ಮುಂಗಾರಿನಲ್ಲಿ ಅರ್ಧ ಎಕರೆಗೆ ಶ್ರೀ ಪದ್ಧತಿಯಲ್ಲಿ (ಇಂಗ್ಲಿಷಿನ ಎಸ್‌ಆರ್‌ಐ, ಎಳೇ ಸಸಿಯನ್ನು ದೂರ ದೂರ ನೆಡುವುದು) ಭತ್ತ ಹಾಕಿದೆ, ನಮ್ಮ ಕಡೆ ಅದನ್ನೇ ಮಡಗಾಸ್ಕರ್ ಪದ್ಧತಿ ಅನ್ನುತ್ತಾರೆ. 12 ದಿನದ ಎರಡೆಲೆ ಸಸಿ, ಗುಣಿಗೆ ಒಂದೇ ಒಂದು, ಅಡ್ಡಕ್ಕೂ ಉದ್ದಕ್ಕೂ 25 ಸೆಂಟಿಮೀಟರ್ ಅಂತರ. ಗದ್ದೆಯಲ್ಲಿ ನೀರು ನಿಲ್ಲಿಸಬಾರದು, ಆರಿಸಿ ಆರಿಸಿ ಕೊಡಬೇಕು. ಹತ್ತು ಹನ್ನೆರಡು ದಿನಕ್ಕೊಮ್ಮೆ ಕೋನೋ ವೀಡರ್, ಅಂದರೆ ಸಾಲಿನ ನಡುವೆ ಕೈಯಲ್ಲಿ ತಳ್ಳುವ ಕಳೆ ಯಂತ್ರ, ಓಡಿಸಬೇಕು. ಮಾಮೂಲಿ ನಾಟಿಗೆ ಎಕರೆಗೆ 25 ಕೆಜಿ ಬಿತ್ತನೆ ಬೇಕು, ಇದಕ್ಕೆ ಎರಡು ಕೆಜಿ ಸಾಕು.

ಮೊದಲ ಮೂರು ವಾರ ಮನೆಯಲ್ಲಿ ನನಗೆ ಊಟ ಇಳಿಯಲಿಲ್ಲ. ಪಕ್ಕದ ಗದ್ದೆಗಳೆಲ್ಲ ಹಸಿರಾಗಿ ತುಂಬಿಕೊಂಡಿದ್ದರೆ ನನ್ನದು ಬರೀ ಕೆಸರು, ಅಲ್ಲೊಂದು ಇಲ್ಲೊಂದು ಕಡ್ಡಿ. ಬದುವಿನ ಮೇಲೆ ಹೋದವರೆಲ್ಲ ನಿಂತು ನೋಡಿ ಅಪ್ಪನನ್ನು ಕೇಳುತ್ತಿದ್ದರು. ಆಮೇಲೆ ತೆಂಡೆ (ಬುಡದಿಂದ ಬರುವ ಮರಿ ಪೈರು) ಒಡೆಯಲು ಶುರುವಾಯಿತು ನೋಡಿ, ಕೆಲವು ಗುಣಿಯಲ್ಲಿ ಮೂವತ್ತರ ಮೇಲೆ ಎಣಿಸಿದೆ. ಕೊನೆಗೆ ಅಪ್ಪನ ಗದ್ದೆಗಿಂತ ಸ್ವಲ್ಪ ಜಾಸ್ತಿಯೇ ಬಂತು. ಆದರೆ ನಾಟಿ ಕೂಲಿ, ಕಳೆ ತೆಗೆಸಿದ ಕೂಲಿ ಎಲ್ಲ ಲೆಕ್ಕ ಹಾಕಿದರೆ ಜಾಸ್ತಿ ಬಂದಿದ್ದು ಅಲ್ಲಿಗೇ ಸರಿ ಹೋಯಿತು.

ಆಮೇಲೆ ಗೊತ್ತಾಗಿದ್ದು ಏನಂದ್ರೆ, ಹದಿನೈದು ವರ್ಷದ ಹಿಂದೆ ನಮ್ಮೂರಲ್ಲೇ ಐದಾರು ಜನ ಇದನ್ನು ಮಾಡಿದ್ದರಂತೆ. ಈಗ ಒಬ್ಬರೂ ಇಲ್ಲ. ಒಬ್ಬರ ಕೊಟ್ಟಿಗೆಯಲ್ಲಿ ಹಳೇ ವೀಡರ್ ತುಕ್ಕು ಹಿಡಿದು ಬಿದ್ದಿದೆ, ನಾನೇ ನೋಡಿದೆ. ಕೇಳಿದರೆ "ಆಗಲ್ಲ ಕಣಪ್ಪ" ಅಂತ ಅಷ್ಟೇ ಹೇಳುತ್ತಾರೆ. ನನಗೆ ತಿಳಿಯಬೇಕಾಗಿರುವುದು ಇಷ್ಟೇ. ಪದ್ಧತಿಯೇ ಸರಿ ಇಲ್ಲವಾ, ನಾವು ಮಾಡಿದ ರೀತಿ ಸರಿ ಇಲ್ಲವಾ, ಇಲ್ಲ ನಮ್ಮ ನೆಲಕ್ಕೆ ಹೊಂದುವುದಿಲ್ಲವಾ? ಈ ವರ್ಷ ಮತ್ತೆ ಹಾಕಲೋ ಬೇಡವೋ ಅಂತ ಯೋಚನೆಯಲ್ಲಿದ್ದೇನೆ.

ಕೊನೇ ತೂಬು:

ತಮ್ಮಾ, ನಾನು ಆ ಐದಾರು ಜನರ ಥರದವನೇ, ಊರು ಮಾತ್ರ ಬೇರೆ. ಎರಡು ವರ್ಷ ಮಾಡಿ ಬಿಟ್ಟೆ. ನನ್ನ ಮಟ್ಟಿಗೆ ಕಾರಣ ನೀರು.

ಈ ಪದ್ಧತಿ ಕೇಳುವುದು ನೀರು ಬೇಕೆಂದಾಗ ಕೊಡುವುದು, ಬೇಡವೆಂದಾಗ ಬಸಿಯುವುದು. ನಮ್ಮ ನೀರು ನಮ್ಮ ಕೈಯಲ್ಲಿ ಎಲ್ಲಿದೆ? ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ, ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುವುದು. ನಾನು ಕೊನೇ ತೂಬಿನವನು, ನಾಲೆಯಿಂದ ಗದ್ದೆಗೆ ನೀರು ಬಿಡುವ ಕಿಂಡಿಗಳಲ್ಲಿ ಕಟ್ಟಕಡೆಯದು ನನ್ನದು. ನೀರು ನಿಂತರೆ ಮುಂದಿನ ಕಟ್ಟು ನನಗೆ ಮುಟ್ಟುತ್ತದೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಬಂದಾಗ ಬದು ತುಂಬ ನಿಲ್ಲಿಸಿಕೊಳ್ಳುವುದೇ ನಮಗೆ ಧೈರ್ಯ. ಪುಸ್ತಕ "ನೆಲ ಸಣ್ಣಗೆ ಬಿರುಕು ಬಿಡುವ ತನಕ ಆರಿಸಿ" ಅನ್ನುತ್ತದೆ. ಬಿರುಕು ಬಿಟ್ಟ ಮೇಲೆ ನೀರು ಬರದಿದ್ದರೆ ಪುಸ್ತಕದವರು ಬರುತ್ತಾರಾ?

ಇನ್ನೊಂದು, ನಮ್ಮಲ್ಲಿ ನೀರು ಹರಿಯುವುದು ಗದ್ದೆಯಿಂದ ಗದ್ದೆಗೆ. ನಾನು ಆರಿಸಬೇಕೆಂದರೂ ಮೇಲಿನ ಗದ್ದೆಯವನ ನೀರು ನನ್ನ ಗದ್ದೆ ಮೇಲೇ ಹಾದು ಕೆಳಗಿನವನಿಗೆ ಹೋಗಬೇಕು. ನಾನು ಪಕ್ಕದಲ್ಲಿ ಸಣ್ಣ ಕಾಲುವೆ ತೆಗೆದು ನೋಡಿದೆ. ಕೆಳಗಿನವನು ಜಗಳಕ್ಕೆ ಬಂದ, ಅವನದ್ದೂ ತಪ್ಪಿಲ್ಲ ಬಿಡಿ. ಇಡೀ ಬಯಲು ಒಟ್ಟಿಗೆ ಮಾಡಿದರೆ ಆಗುತ್ತದೆ. ಒಬ್ಬನೇ ಅರ್ಧ ಎಕರೆಯಲ್ಲಿ ಮಾಡಿದರೆ ನೀನು ಮಾಡಿದ್ದು ಅರ್ಧ ಪದ್ಧತಿಯೇ.

ಬೋರ್‌ವೆಲ್ ಗದ್ದೆ:

ಕೊನೇ ತೂಬು ಅಣ್ಣ ಹೇಳಿದ್ದಕ್ಕೆ ನಾನೇ ಉಲ್ಟಾ ಸಾಕ್ಷಿ. ಗೌರಿಬಿದನೂರು ಕಡೆ, ಬೋರ್‌ವೆಲ್. ಎಂಟು ವರ್ಷದಿಂದ ಮಾಡುತ್ತಿದ್ದೇನೆ. ನನಗೆ ಇಳುವರಿ ದೊಡ್ಡ ವಿಷಯ ಅಲ್ಲವೇ ಅಲ್ಲ. ಕರೆಂಟ್ ಇರುವ ಹೊತ್ತಿನಲ್ಲಿ ಎಷ್ಟು ನೀರು ಎತ್ತಲು ಸಾಧ್ಯವೋ ಅಷ್ಟೇ ನನ್ನ ಗದ್ದೆ. ನೀರು ನಿಲ್ಲಿಸುವ ಪದ್ಧತಿಯಲ್ಲಿ ಒಂದು ಎಕರೆ ದಾಟಲು ಆಗುತ್ತಿರಲಿಲ್ಲ, ಆರಿಸಿ ಕೊಡಲು ಶುರು ಮಾಡಿದ ಮೇಲೆ ಅದೇ ಬೋರ್‌ನಲ್ಲಿ ಒಂದೂವರೆ ಎಕರೆ ಮಾಡುತ್ತಿದ್ದೇನೆ. ವಾಲ್ವ್ ನನ್ನ ಕೈಯಲ್ಲಿದೆ, ಅದಕ್ಕೇ ಇದು ನನಗೆ ಒಗ್ಗಿತು. ಸಾಲು ಮಾತ್ರ ಒಂದೇ ಕಡೆ ಹಿಡಿಯುತ್ತೇನೆ, ಅಡ್ಡ ಉದ್ದ ಎರಡೂ ಕಡೆ ಹಿಡಿಯಲು ಹೋಗಿಲ್ಲ.

ನಾಟಿ ಗುಂಪಿನವಳ ಮಗಳು:

ಎಲ್ಲ ಅಣ್ಣಂದಿರೂ ನೀರು, ಇಳುವರಿ ಅಂತ ಬರೆದಿದ್ದೀರಿ. ನಾಟಿ ಮಾಡಿದ ಕೈಗಳ ಬಗ್ಗೆ ನಾನು ಬರೆಯುತ್ತೇನೆ, ಯಾಕಂದ್ರೆ ನನ್ನ ಅಮ್ಮ ಹನ್ನೆರಡು ಹೆಂಗಸರ ನಾಟಿ ಗುಂಪಿಗೆ ಮುಂದಾಳು. ನಾನೂ ಪಿಯುಸಿ ತನಕ ರಜೆಯಲ್ಲಿ ಅವರ ಜೊತೆ ಗದ್ದೆಗೆ ಇಳಿದವಳೇ.

ಮಾಮೂಲಿ ನಾಟಿ ಹೇಗೆ ಗೊತ್ತಾ? 25-30 ದಿನದ ಗಟ್ಟಿ ಪೈರು, ಕಿತ್ತು ಕಂತೆ ಕಟ್ಟಿ ಗದ್ದೆಗೆ ಎಸೆಯುತ್ತಾರೆ. ಎಡಗೈಯಲ್ಲಿ ಕಂತೆ, ಬಲಗೈ ಬೆರಳಿಗೆ ಮೂರೋ ನಾಲ್ಕೋ ಪೈರು ತಾನಾಗಿ ಬರುತ್ತದೆ. ಕಣ್ಣು ಹಾಕಿ ನೋಡುವುದೇ ಇಲ್ಲ, ಬೆರಳಿಗೇ ಲೆಕ್ಕ ಗೊತ್ತು. ಹಿಂದಕ್ಕೆ ಹೆಜ್ಜೆ ಹಾಕುತ್ತಾ, ಮನೆ ಮಾತು ಆಡುತ್ತಾ, ಎಕರೆಗೆ ಇಷ್ಟು ಅಂತ ಗುತ್ತಿಗೆ ಮಾತಾಡಿರುತ್ತಾರೆ, ಮುಗಿಸಿ ಸಂಜೆಯೊಳಗೆ ಇನ್ನೊಬ್ಬರ ಗದ್ದೆ ಹಿಡಿಯಬೇಕು. ಈ ಹೊಸ ಪದ್ಧತಿಯಲ್ಲಿ ಸಸಿ ದಾರದ ಎಳೆ ಥರ ಇರುತ್ತದೆ. ಬೇರಿನ ಮಣ್ಣು ಉದುರಬಾರದು, ಕಿತ್ತು ಅರ್ಧ ಗಂಟೆಯೊಳಗೆ ನೆಡಬೇಕು, ಬಾಣಲಿಯಲ್ಲಿ ಹೊತ್ತು ತರಬೇಕು. ಅಂತರಕ್ಕೆ ಗಂಟು ಹಾಕಿದ ಹಗ್ಗ ಹಿಡಿಯಬೇಕು, ಗಂಟು ನೋಡಬೇಕು, ಒಂದೊಂದನ್ನೇ ಬಿಡಿಸಬೇಕು. ಹೊಸದರಲ್ಲಿ ಹೊತ್ತು ದುಪ್ಪಟ್ಟು ಹಿಡಿಯುತ್ತದೆ. ಗುತ್ತಿಗೆ ದುಡ್ಡು ಮಾತ್ರ ಅದೇ. ಅಮ್ಮ ಒಂದು ಸಲ ಒಪ್ಪಿಕೊಂಡು ಬಂದು ಗುಂಪಿನವರ ಹತ್ತಿರ ಬೈಸಿಕೊಂಡಿದ್ದು ನನಗೆ ನೆನಪಿದೆ.

ಕಳೆ ವಿಷಯ ಇನ್ನೂ ನೋವಿನದು. ವೀಡರ್ ಬಂದರೆ ಕಳೆ ಕೂಲಿ ಉಳಿಯುತ್ತದೆ ಅಂತ ಸಭೆಯಲ್ಲಿ ಹೇಳಿದರಂತೆ. ಆ ಉಳಿದ ಕೂಲಿ ಯಾರದ್ದು? ಕಳೆ ಕೀಳುವುದು ನಮ್ಮ ಮನೆಯ ಆ ತಿಂಗಳ ಅಕ್ಕಿ ಬೇಳೆ. ಆ ವೀಡರ್ ಜಿಗಟು ಮಣ್ಣಿನಲ್ಲಿ ಹೂತುಕೊಳ್ಳುತ್ತದೆ, ಹೆಂಗಸರಿಗೆ ತಳ್ಳಲು ಭಾರ. ಹಾಗಾಗಿ ಆ ಕೆಲಸ ಗಂಡಸರಿಗೆ ಹೋಯಿತು. ತರಬೇತಿ ಕೊಟ್ಟವರು ಗದ್ದೆ ಮಾಲೀಕರನ್ನು ಕರೆದರು, ನೆಡುವ ಒಬ್ಬ ಹೆಂಗಸನ್ನೂ ಕರೆಯಲಿಲ್ಲ. ಆಮೇಲೆ "ಆಳುಗಳು ಸರಿಯಾಗಿ ನೆಡಲಿಲ್ಲ" ಅಂತ ಬರೆದುಕೊಂಡು ಹೋದರು. ನಮಗೆ ಯಾರಾದರೂ ಹೇಳಿಕೊಟ್ಟಿದ್ದರಾ?

ಮದ್ದೂರಿನ ಅಣ್ಣಾ, ಮತ್ತೆ ಮಾಡುವುದಾದರೆ ಗುತ್ತಿಗೆ ಬೇಡ, ಮೊದಲ ವರ್ಷ ದಿನಗೂಲಿ ಕೊಡಿ. ಅವಸರ ಇಲ್ಲದಿದ್ದರೆ ಕೈ ಎರಡೇ ದಿನದಲ್ಲಿ ಕಲಿಯುತ್ತದೆ. ಆಮೇಲೆ ಅವರನ್ನೇ ಕೇಳಿ. ಅಮ್ಮನ ಗುಂಪಿನವರು ಒಂದರ ಬದಲು ಎರಡು ಸಸಿ ಇಟ್ಟರು, ಏಡಿ ಕತ್ತರಿಸಿದರೆ ಒಂದಾದರೂ ಉಳಿಯಲಿ ಅಂತ. ಗದ್ದೆಯವರು ಮೊದಲು ಸಿಟ್ಟಾದರು, ಆಮೇಲೆ ಅವರೇ ಎರಡು ಇಡಿ ಅಂದರು.

ವಿಸ್ತರಣೆ ಓದಿದವನು:

ಅಕ್ಕ ಬರೆದದ್ದನ್ನು ಎರಡು ಸಲ ಓದಿದೆ. ನಾನು ಕೃಷಿ ವಿಸ್ತರಣೆ, ಅಂದರೆ ಹೊಸ ಪದ್ಧತಿಗಳನ್ನು ರೈತರಿಗೆ ತಲುಪಿಸುವ ವಿಷಯ, ಓದಿದವನು, ಇದರ ಹಿಂದಿನ ಕತೆ ಸ್ವಲ್ಪ ಹೇಳುತ್ತೇನೆ.

ಈ ಪದ್ಧತಿ ಹುಟ್ಟಿದ್ದು ಯಾವ ದೊಡ್ಡ ಪ್ರಯೋಗಾಲಯದಲ್ಲೂ ಅಲ್ಲ. ಹೆನ್ರಿ ದ ಲೊಲಾನಿಯೆ ಅನ್ನುವ ಫ್ರೆಂಚ್ ಪಾದ್ರಿ 1961ರಲ್ಲಿ ಮಡಗಾಸ್ಕರ್‌ಗೆ ಹೋಗಿ, ವರ್ಷಗಟ್ಟಲೆ ಅಲ್ಲಿನ ರೈತರ ಗದ್ದೆ ನೋಡಿ ನೋಡಿ ಒಂದೊಂದೇ ಸೇರಿಸಿದ್ದು. 1983ರಲ್ಲಿ ಮಳೆ ನೀರಿನ ತೊಂದರೆಯಲ್ಲಿ 15 ದಿನದ ಎಳೇ ಸಸಿಯನ್ನೇ ನೆಡಬೇಕಾಗಿ ಬಂತು. ಅದು ತೆಂಡೆ ಒಡೆದ ರೀತಿ ನೋಡಿ ಅವರಿಗೆ ದಾರಿ ಕಂಡಿತು. ಆಮೇಲೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ನಾರ್ಮನ್ ಅಪ್‌ಹಾಫ್ ಅವರು ಅದನ್ನು ಬೇರೆ ದೇಶಗಳಿಗೆ ಪರಿಚಯ ಮಾಡಿದರು. 2000ದ ನಂತರ ತಮಿಳುನಾಡು, ಆಂಧ್ರ, ತ್ರಿಪುರಾ, ನಮ್ಮ ರಾಜ್ಯ ಹೀಗೆ ಬಂತು. ಇಳುವರಿ ಎಷ್ಟು ಅನ್ನುವುದರ ಬಗ್ಗೆ ವಿಜ್ಞಾನಿಗಳಲ್ಲೇ ಜೋರು ಜಗಳ ನಡೆದಿದೆ, ಅದನ್ನು ಇಲ್ಲಿ ಎಳೆಯುವುದು ಬೇಡ.

ಗಮನಿಸಬೇಕಾದ್ದು ಏನಂದ್ರೆ, ಹುಟ್ಟಿದ ಮಡಗಾಸ್ಕರ್‌ನಲ್ಲೇ ಬಹಳ ರೈತರು ಮಾಡಿ ಬಿಟ್ಟರು. 2003ರಲ್ಲಿ ಅದರ ಮೇಲೆ ಒಂದು ಅಧ್ಯಯನ ಬಂತು. ಹೆಚ್ಚು ಇಳುವರಿ ಬಂದರೂ ಬಡ ರೈತರು ಯಾಕೆ ಬಿಟ್ಟರು? ಈ ಪದ್ಧತಿಗೆ ಜಾಸ್ತಿ ದುಡಿಮೆ ಬೇಕಾಗುವ ತಿಂಗಳಿನಲ್ಲೇ ಅವರ ಮನೆಯಲ್ಲಿ ಅಕ್ಕಿ ಮುಗಿದಿರುತ್ತದೆ. ಆ ದಿನ ಕೂಲಿಗೆ ಹೋದರೆ ಆ ದಿನ ಊಟ. ತಮ್ಮ ಗದ್ದೆಯಲ್ಲಿ ದುಡಿದರೆ ಫಲ ನಾಲ್ಕು ತಿಂಗಳ ಮೇಲೆ. ಹಸಿದ ಹೊಟ್ಟೆಗೆ ನಾಲ್ಕು ತಿಂಗಳು ತಡೆಯಲು ಆಗುತ್ತದಾ?

ನಾವು ತಂದಾಗ ಅದನ್ನು "ಕಡಿಮೆ ಖರ್ಚಿನ ಪದ್ಧತಿ" ಅಂತ ತಂದೆವು. ಬೀಜ ಕಡಿಮೆ, ನೀರು ಕಡಿಮೆ, ಗೊಬ್ಬರ ಕಡಿಮೆ. ದುಡಿಮೆ ಎಷ್ಟು, ಅದು ಯಾರ ದುಡಿಮೆ, ಯಾವ ತಿಂಗಳಲ್ಲಿ ಅಂತ ಬರೆಯಲು ಆ ಕರಪತ್ರದಲ್ಲಿ ಜಾಗವೇ ಇರಲಿಲ್ಲ. ಅದೇ ಆಲೋಚನೆ ಕಬ್ಬಿಗೆ ಹೋದಾಗ ಬೇರೆ ಥರ ಆಯಿತು. ಟ್ರೇಯಲ್ಲಿ ಬೆಳೆಸಿದ ಒಂದೇ ಕಣ್ಣಿನ (ಮೊಳಕೆ ಬರುವ ಗಿಣ್ಣಿನ) ಸಸಿ, ಸಾಲಿಗೆ ನಾಲ್ಕೈದು ಅಡಿ ಅಂತರ. ಸಸಿ ಬೆಳೆಸಿ ಮಾರುವ ನರ್ಸರಿಗಳು ಹುಟ್ಟಿಕೊಂಡವು, ಅಗಲ ಸಾಲಿನಲ್ಲಿ ಸಣ್ಣ ಟ್ರ್ಯಾಕ್ಟರ್ ಓಡಿತು. ಅಲ್ಲಿ ದುಡಿಮೆ ಹಗುರ ಆಯಿತು, ಪದ್ಧತಿ ಉಳಿದುಕೊಂಡಿತು.

ಹಾವೇರಿ ರಾಗಿ:

ನಾ ಭತ್ತದವ ಅಲ್ರಿ, ಆದ್ರೂ ಬರೀಲೇಬೇಕು ಅನ್ನಿಸಿತು. ಒಂದೊಂದು ಸಸಿ, ಅಗಲ ಅಂತರ, ತೆಂಡೆ ಒಡೆಸುವುದು ಹೊರಗಿನಿಂದ ಬಂದ ಹೊಸ ವಿದ್ಯೆ ಅಂತ ಎಲ್ಲರೂ ಮಾತಾಡುತ್ತಿದ್ದೀರಿ. ನಮ್ಮ ಹಾವೇರಿ ಜಿಲ್ಲೆಯಲ್ಲಿ ಗುಳಿ ರಾಗಿ ಅಂತ ಇದೆ. ನಮ್ಮ ಅಜ್ಜನ ಕಾಲದಿಂದಲೂ ಇದೆ.

ಹೊಲಕ್ಕೆ ಅಡ್ಡ ಉದ್ದ ಗೆರೆ ಎಳೆಯುವುದು, ಸುಮಾರು ಒಂದೂವರೆ ಅಡಿಗೆ ಒಂದು. ಗೆರೆ ಕೂಡುವ ಕಡೆ ಗುಳಿ, ಗುಳಿಗೆ ಒಂದು ಹಿಡಿ ಗೊಬ್ಬರ, 20-25 ದಿನದ ಎರಡು ಸಸಿ. ಸಸಿ ಹತ್ತಿಕೊಂಡ ಮೇಲೆ ಹಗುರವಾದ ಕೊರಡು, ಅಂದ್ರೆ ಮರದ ದಿಮ್ಮಿ, ಎತ್ತಿನಿಂದ ಎಳೆಸುತ್ತೇವೆ. ಸಸಿ ಬಾಗಿ ಮಲಗುತ್ತದೆ, ನೋಡಿದವರಿಗೆ ಬೆಳೆ ಹಾಳಾಯಿತು ಅನ್ನಿಸುತ್ತದೆ. ಎರಡು ದಿನದಲ್ಲಿ ಎದ್ದು ಬುಡದಿಂದ ಹೊಸ ತೆಂಡೆ ಬಿಡುತ್ತದೆ. ಆಮೇಲೆ ಸಾಲಿನ ನಡುವೆ ಎತ್ತಿನಿಂದ ಎಳೆಸುವ ಎಡೆಕುಂಟೆ ಅಡ್ಡ ಉದ್ದ ಹೊಡೆದರೆ ಕಳೆಯೂ ಹೋಯಿತು, ಬೇರಿಗೆ ಗಾಳಿಯೂ ಆಯಿತು. ಇದಕ್ಕೂ ಆಳು ಬೇಕು, ಸುಳ್ಳು ಹೇಳಬಾರದು. ಆದರೆ ಮನೆಯ ಎತ್ತು, ಮನೆಯವರ ಕೈ ಇದ್ದಲ್ಲಿ ನಡೆದುಕೊಂಡು ಬಂದಿದೆ. ಎತ್ತು ಹೋದ ಮನೆಗಳಲ್ಲಿ ನಿಂತೂ ಹೋಗಿದೆ. ಪರದೇಶದಿಂದ ಬಂದದ್ದೇ ನಿಲ್ಲುವುದಿಲ್ಲ ಅಂತೇನಿಲ್ಲ ನೋಡ್ರಿ, ನಮ್ಮದೂ ಎತ್ತಿನ ಜೊತೆ ಹೊರಟಿದೆ.

ಬೈಲು ಮಜಲು:

ಉಡುಪಿ ಕಡೆಯವಳು. ನಮ್ಮಲ್ಲಿ ಬೆಟ್ಟು (ಎತ್ತರದ್ದು), ಮಜಲು (ನಡುವಿನದ್ದು), ಬೈಲು (ತಗ್ಗಿನದ್ದು) ಅಂತ ಮೂರು ಥರ ಗದ್ದೆ. ಮಳೆಗಾಲದ ಏಣೆಲು ಬೆಳೆಯಲ್ಲಿ ಬೈಲು ಗದ್ದೆಯನ್ನು ಆರಿಸಲು ದೇವರಿಂದಲೂ ಆಗುವುದಿಲ್ಲ, ಎಳೇ ಸಸಿ ತೇಲಿ ಹೋಗುತ್ತದೆ. ಮಜಲಿನಲ್ಲಿ ಮಳೆಗಾಲ ಕಳೆದ ಮೇಲಿನ ಸುಗ್ಗಿ ಬೆಳೆಗೆ ಮಾಡಿದವರಿಗೆ ಚೆನ್ನಾಗಿ ಬಂದಿದೆ. ಈಗ ನಮ್ಮಲ್ಲಿ ಜಾಸ್ತಿ ನಡೆಯುತ್ತಿರುವುದು ನಾಟಿ ಯಂತ್ರ. ಅದಕ್ಕೆ ಚಾಪೆ ನೇಜಿ (ಚಾಪೆಯಂತೆ ತೆಳುವಾಗಿ ಬೆಳೆಸಿದ ಸಸಿ ಮಡಿ) ಬೇಕು, ಹದಿನೈದು ಹದಿನೆಂಟು ದಿನದ ಸಸಿ, ಸಾಲು ಅಗಲ. ಎಳೇ ಸಸಿ ನೆಡಬಾರದು ಅಂತ ಹಿಂದೆ ಹಟ ಹಿಡಿದಿದ್ದ ನನ್ನ ಮಾವನೇ ಈಗ ಚಾಪೆ ನೇಜಿ ಹಾಕುತ್ತಾರೆ. ನೆಡುವ ಆಳು ಸಿಗುವುದಿಲ್ಲ, ಅದಕ್ಕೆ. ಶ್ರೀ ಪದ್ಧತಿ ಮಾಡುತ್ತಿದ್ದೇನೆ ಅಂತ ಅವರು ಹೇಳುವುದಿಲ್ಲ, ಆದರೆ ಅದರ ಅರ್ಧ ಅವರ ಗದ್ದೆಯಲ್ಲಿ ಇದೆ.

ಮದ್ದೂರಿನ ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಟಿ ಗುಂಪಿನ ಅಕ್ಕ ಬರೆದಿದ್ದು ಓದಿ ನನಗೆ ನಿಜಕ್ಕೂ ನಾಚಿಕೆ ಆಯಿತು. ನಾನೂ ಹೋದ ವರ್ಷ ಗುತ್ತಿಗೆಗೇ ಕೊಟ್ಟಿದ್ದೆ, ಹೊತ್ತು ಜಾಸ್ತಿ ಆಯಿತು ಅಂತ ಅವರು ಕೇಳಿದಾಗ ಮುಖ ಗಂಟಿಕ್ಕಿಕೊಂಡೇ ಕೊಟ್ಟೆ. ನಿನ್ನೆ ಸಂಜೆ ನಮ್ಮೂರ ಗುಂಪಿನವರ ಮನೆಗೆ ಹೋಗಿ ಮಾತಾಡಿಕೊಂಡು ಬಂದೆ. ಈ ಸಲ ದಿನಗೂಲಿ. ಗುಣಿಗೆ ಎರಡು ಸಸಿ, ಹಗ್ಗ ಒಂದೇ ಕಡೆ. ನನಗೆ 12 ದಿನದ್ದೇ ಆಗಬೇಕು ಅಂತ ಇತ್ತು, ಅವರು "15 ದಿನ ಬಿಡಿ, ಕೈಗೆ ಸಿಗಲಿ" ಅಂದರು, ಸರಿ ಅಂದೆ. ಕಳೆಗೆ ವೀಡರ್ ಒಂದು ಸಲ ನಾನು ತಳ್ಳುತ್ತೇನೆ, ಬುಡದ ಕಳೆ ಅವರೇ ಕೀಳಲಿ.

ನೀರಿನದ್ದು ಮಾತ್ರ ಬಗೆಹರಿದಿಲ್ಲ. ಕೊನೇ ತೂಬು ಅಣ್ಣ, ನಮ್ಮದು ನಡು ತೂಬು. ಮೇಲಿನ ಇಬ್ಬರು ಕೆಳಗಿನ ಒಬ್ಬರು ಒಪ್ಪಿದರೆ ಬದುವಿನ ಪಕ್ಕ ಬಸಿಗಾಲುವೆ ಹಾಕಬೇಕು ಅಂತಿದ್ದೇನೆ. ನೀವು ತೆಗೆದ ಕಾಲುವೆ ಎಷ್ಟು ಅಗಲ ಇತ್ತು, ಆಳ ಎಷ್ಟು? ಕೆಳಗಿನವರ ಜೊತೆ ಮೊದಲೇ ಹೇಗೆ ಮಾತು ಎತ್ತಿದ್ದರೆ ಒಪ್ಪುತ್ತಿದ್ದರು ಅನ್ನಿಸುತ್ತದೆ ನಿಮಗೆ?

ಕೊನೇ ತೂಬು:

ಅಗಲ ಒಂದು ಅಡಿ, ಆಳ ಮುಕ್ಕಾಲು ಅಡಿ ಸಾಕು ತಮ್ಮಾ. ನಾನು ಕಾಲುವೆ ತೋಡಿದ ಮೇಲೆ ಹೇಳಲು ಹೋದೆ, ಅದೇ ತಪ್ಪಾಗಿದ್ದು. ನೀನು ಗುದ್ದಲಿ ಹಿಡಿಯುವ ಮೊದಲು ಅವರ ಮನೆಗೆ ಹೋಗು. ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯನ್ನೂ ಜೊತೆಗೆ ಕರೆದುಕೊಂಡು ಹೋಗು, ಯಾರಿಗೆ ಎಷ್ಟು ಹೊತ್ತು ನೀರು ಅಂತ ಅವನ ಮುಂದೆಯೇ ಮಾತಾಗಲಿ. ನಾಟಿ ದಿನ ತಿಳಿಸು, ನಾನೂ ಒಂದು ಸಲ ಬಂದು ನೋಡುತ್ತೇನೆ.