ಮಲೆನಾಡಿನ ತೋಟದ ಮನೆಯಲ್ಲಿ ಸೈಬೀರಿಯನ್ ಹಸ್ಕಿ ಸಾಕಬಹುದೇ?

ಪ್ರಶ್ನೆ: ತೀರ್ಥಹಳ್ಳಿ ಸೀಮೆಯ ಓದುಗ

ನಮಸ್ಕಾರ. ಬೆಂಗಳೂರಿನಲ್ಲಿರುವ ನಮ್ಮ ಭಾವನವರು ಕೆಲಸದ ನಿಮಿತ್ತ ವಿದೇಶಕ್ಕೆ ಹೋಗುವವರಿದ್ದು, ತಾವು ಸಾಕಿರುವ ಎರಡು ವರ್ಷದ ಗಂಡು ಸೈಬೀರಿಯನ್ ಹಸ್ಕಿಯನ್ನು ನಮಗೆ ಕೊಡುವುದಾಗಿ ಹೇಳಿದ್ದಾರೆ. ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ರಸ್ತೆಯಿಂದ ಒಳಗಿರುವ ತೋಟದ ಮನೆ. ಮುಂದೆ ಅಡಿಕೆ ಒಣಗಿಸುವ ಅಂಗಳ, ಪಕ್ಕದಲ್ಲಿ ಕೊಟ್ಟಿಗೆ, ಹಿಂದೆ ಸೊಪ್ಪಿನ ಬೆಟ್ಟವಿದ್ದು ಕಾಂಪೌಂಡ್ ಇಲ್ಲ, ಬೇಲಿ ಮತ್ತು ದಣಪೆ ಮಾತ್ರ ಇವೆ. ಮನೆಯಲ್ಲಿ ವಯಸ್ಸಾದ ಅಪ್ಪಯ್ಯ, ಅಮ್ಮ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಹಸು ಕರುಗಳು ಹಾಗೂ ಒಂದಷ್ಟು ಕೋಳಿಗಳಿವೆ.

ಬೆಂಗಳೂರಿನ ಫ್ಲ್ಯಾಟಿಗಿಂತ ನಮ್ಮೂರು ತಂಪು, ಓಡಾಡಲು ಬೇಕಾದಷ್ಟು ಜಾಗವೂ ಇದೆ ಎಂಬುದು ಭಾವನವರ ವಾದ. ತೋಟಕ್ಕೆ ನುಗ್ಗುವ ಮಂಗಗಳನ್ನು ಓಡಿಸುವುದಾದರೆ ಬರಲಿ ಎಂದು ಅಪ್ಪಯ್ಯ ಹೇಳುತ್ತಾರೆ. ಮಕ್ಕಳಂತೂ ಅದರ ನೀಲಿ ಕಣ್ಣಿನ ಫೋಟೊ ನೋಡಿ ಈಗಾಗಲೇ ಹೆಸರು ಹುಡುಕುತ್ತಿದ್ದಾರೆ. ಹಿಮದ ನಾಡಿನ ಈ ನಾಯಿ ನಮ್ಮ ಮಳೆಗಾಲವನ್ನು ತಡೆದುಕೊಳ್ಳಬಲ್ಲದೇ, ಅದಕ್ಕಾಗಿ ನಾವು ಏನೇನು ಸಿದ್ಧತೆ ಮಾಡಿಕೊಳ್ಳಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಪಶುವೈದ್ಯ, ಸಾಗರ

ತಮ್ಮ ಭಾವನವರು ಹೇಳುವ ತಂಪಿಗೂ ಹಸ್ಕಿಗೆ ಬೇಕಾದ ತಂಪಿಗೂ ಬಹಳ ಅಂತರವಿದೆ. ಈಶಾನ್ಯ ಸೈಬೀರಿಯಾದ ಚುಕ್ಚಿ ಜನರು ಬೆಳೆಸಿದ ಈ ತಳಿಗೆ ಎರಡು ಪದರದ ಕೂದಲಿದೆ. ಹೊರಗಿನದು ನೇರವಾದ ಒರಟು ಕೂದಲು, ಒಳಗಿನದು ಒತ್ತಾದ ಮೃದು ತುಪ್ಪಳ. ಅದು ಒಣ ಚಳಿಗೆ ಹೇಳಿ ಮಾಡಿಸಿದ ಹೊದಿಕೆ. ಆದರೆ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುವ ಆಗುಂಬೆಯ ಆಸುಪಾಸಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗುವುದಿಲ್ಲ. ಒಮ್ಮೆ ನೆನೆದ ಒಳತುಪ್ಪಳ ಬುಡದವರೆಗೆ ಒಣಗದೆ ಉಳಿದರೆ ಚರ್ಮ ಕೆಂಪಾಗಿ ಕೀವು ಹಿಡಿಯುತ್ತದೆ, ಶಿಲೀಂಧ್ರದ ಸೋಂಕು ತಗಲುತ್ತದೆ, ಕಿವಿಯೊಳಗೆ ವಾಸನೆ ಬರುತ್ತದೆ.

ಇನ್ನು ಸೆಕೆಯ ವಿಚಾರ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟು, ನಾಲಿಗೆ ಮತ್ತು ಉಸಿರುದಾರಿಯ ತೇವ ಆವಿಯಾಗುವುದರಿಂದಲೇ ಅದು ಮೈ ತಣಿಸಿಕೊಳ್ಳಬೇಕು. ಗಾಳಿಯಲ್ಲೇ ನೀರಿನ ಅಂಶ ತುಂಬಿದ್ದಾಗ ಈ ಆವಿಯಾಗುವಿಕೆ ಕುಂಠಿತವಾಗುತ್ತದೆ. ಆದ್ದರಿಂದ ಏಪ್ರಿಲ್ ಮತ್ತು ಮೇ ತಿಂಗಳ ಬಿಸಿಲಿಗಷ್ಟೇ ಅಲ್ಲ, ಮೊದಲ ಮಳೆ ಬಿದ್ದ ಮೇಲಿನ ಕುದಿಗೂ ಹೆದರಬೇಕು. ನಾಯಿಯ ಮೈಶಾಖ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ, 41 ದಾಟಿದರೆ ಜೀವಕ್ಕೆ ಅಪಾಯ. ಹಾಗಾದಾಗ ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿದು, ಫ್ಯಾನಿನ ಗಾಳಿ ಕೊಡುತ್ತಲೇ ಆಸ್ಪತ್ರೆಗೆ ಹೊರಡಬೇಕು. ಸೆಕೆಯೆಂದು ಅನೇಕರು ಮೈಕೂದಲನ್ನೆಲ್ಲ ಬೋಳಿಸಿಬಿಡುತ್ತಾರೆ. ಇದು ತಪ್ಪು. ಹೊರಪದರವು ಬಿಸಿಲಿನಿಂದ ಚರ್ಮವನ್ನು ಕಾಯುತ್ತದೆ, ಬೋಳಿಸಿದ ಮೇಲೆ ಅದು ಮೊದಲಿನಂತೆ ಬೆಳೆಯದಿರುವುದೂ ಉಂಟು. ಉದುರುವ ಒಳಕೂದಲನ್ನು ಬಾಚಿ ತೆಗೆಯುವುದೇ ಸರಿಯಾದ ದಾರಿ.

ಉಣುಗಿನ ಬಗ್ಗೆಯೂ ಹೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವ ಕಾಡಿನ ಉಣುಗು ಬೇರೆ, ನಾಯಿಗೆ ಉಣುಗು ಜ್ವರ ತರುವ ಕಂದು ಉಣುಗು ಬೇರೆ. ಆದರೆ ಸೊಪ್ಪಿನ ಬೆಟ್ಟ ಸುತ್ತಿ ಬಂದ ನಾಯಿ ಎರಡನ್ನೂ ಮನೆಯೊಳಗೆ ತರಬಲ್ಲದು, ಹಸ್ಕಿಯ ದಟ್ಟ ಕೂದಲಿನಲ್ಲಿ ಅವು ಕಣ್ಣಿಗೆ ಬೀಳುವುದೂ ಇಲ್ಲ. ಉಣುಗಿನ ಔಷಧವನ್ನು ವರ್ಷವಿಡೀ ತಪ್ಪಿಸಬಾರದು. ರೇಬೀಸ್ ಲಸಿಕೆಯ ಜೊತೆಗೆ ಇಲಿ ಜ್ವರದ ಲಸಿಕೆಯನ್ನೂ ಹಾಕಿಸಬೇಕು. ಹತ್ತಿರದಲ್ಲಿ ಗುಣವಾಗದ ತೊಂದರೆಯಾದರೆ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ, ಆದರೆ ತಮ್ಮ ಮನೆಯಿಂದ ಅಲ್ಲಿಗೆ ತಲುಪಲು ಹಿಡಿಯುವ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಉತ್ತರ: ಹಸ್ಕಿ ಸಾಕಿರುವ ಗೃಹಿಣಿ, ಶಿವಮೊಗ್ಗ ನಗರ

ಡಾಕ್ಟರು ಮೈಯ ವಿಷಯ ಹೇಳಿದ್ದಾರೆ, ನಾನು ಸ್ವಭಾವದ ವಿಷಯ ಹೇಳುತ್ತೇನೆ. 1925ರಲ್ಲಿ ಅಲಾಸ್ಕಾದ ನೋಮ್ ಪಟ್ಟಣದಲ್ಲಿ ಡಿಫ್ತೀರಿಯಾ ಕಾಣಿಸಿಕೊಂಡಾಗ, ಜಾರುಬಂಡಿ ನಾಯಿಗಳ ಇಪ್ಪತ್ತು ತಂಡಗಳು ಸರದಿಯಲ್ಲಿ ಓಡಿ ಸುಮಾರು 1,085 ಕಿಲೋಮೀಟರ್ ದೂರದಿಂದ ಔಷಧವನ್ನು ಆರು ದಿನಗಳೊಳಗೆ ತಲುಪಿಸಿದವು. ಅಂಥ ಕೆಲಸಕ್ಕೆ ಬೆಳೆಸಿದ ನಾಯಿಯನ್ನು ಕಟ್ಟಿಹಾಕಿ ಸಂಜೆ ಒಂದು ಸುತ್ತು ತಿರುಗಿಸಿದರೆ ಸಾಲದು. ಓಟ ಸಾಲದಾದಾಗ ಅದು ನೆಲ ಕೆರೆಯುತ್ತದೆ, ಬಾಗಿಲು ಕಡಿಯುತ್ತದೆ, ಊಳಿಡುತ್ತದೆ. ಬೊಗಳುವುದು ಕಡಿಮೆ, ಊಳೇ ಹೆಚ್ಚು. ನಮ್ಮ ಅಕ್ಕಪಕ್ಕದವರು ಅದನ್ನು ಅಪಶಕುನವೆಂದೇ ಭಾವಿಸಿದ್ದರು, ಅವರನ್ನು ಒಪ್ಪಿಸಲು ಬಹಳ ಮಾತು ಬೇಕಾಯಿತು.

ನಮ್ಮ ಮನೆಯಲ್ಲಿ ಬೇಸಿಗೆಯಲ್ಲಿ ಬೆಳಕು ಹರಿಯುವ ಮೊದಲೇ ಓಡಿಸಿಕೊಂಡು ಬರುತ್ತೇವೆ, ಹಗಲೆಲ್ಲ ಎ.ಸಿ. ಇರುವ ಕೋಣೆಯಲ್ಲಿ ಬಿಡುತ್ತೇವೆ. ತಮ್ಮ ಕಡೆ ಗಾಳಿಮಳೆಗೆ ಮರ ಬಿದ್ದರೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲವೆಂದು ಕೇಳಿದ್ದೇನೆ, ಆಗ ಕೂದಲು ಒಣಗಿಸುವ ಡ್ರೈಯರ್ ಕೂಡ ನಡೆಯುವುದಿಲ್ಲ. ಮಕ್ಕಳ ಜೊತೆ ಮಾತ್ರ ಅದು ಬಹಳ ಒಳ್ಳೆಯ ನಾಯಿ. ಅಪರಿಚಿತರ ಜೊತೆಗೂ ಅಷ್ಟೇ ಒಳ್ಳೆಯದು, ಆದ್ದರಿಂದ ಮನೆ ಕಾಯುತ್ತದೆಂಬ ಆಸೆ ಬೇಡ. ಗಂಡು ಹಸ್ಕಿ 20ರಿಂದ 27 ಕಿಲೋ ತೂಗುತ್ತದೆ, ಹಗ್ಗ ಹಿಡಿದು ಎಳೆಯುವುದು ಅದರ ಹುಟ್ಟುಗುಣ. ತಮ್ಮ ತಂದೆಯವರ ಕೈಗೆ ಹಗ್ಗ ಕೊಡಬೇಡಿ.

ಉತ್ತರ: ಅಡಿಕೆ ಬೆಳೆಗಾರ, ಹೊಸನಗರ

ನಾನು ಹಸ್ಕಿ ಸಾಕಿದವನಲ್ಲ, ಆದರೆ ತೋಟದ ಮನೆಯ ನಾಯಿಗಳ ಪಾಡು ಬಲ್ಲೆ. ದಣಪೆ ಹಾರುವುದು ಅಥವಾ ಬೇಲಿಯಡಿ ತೋಡಿ ನುಸುಳುವುದು ಇಂಥ ನಾಯಿಗೆ ಕಷ್ಟವಲ್ಲ. ಬೇಟೆಯ ಹುಚ್ಚು ಬಲವಾಗಿರುವ ತಳಿಯೆಂದ ಮೇಲೆ ಮೊದಲು ಹೋಗುವುದು ನಿಮ್ಮ ಕೋಳಿಗಳು, ಆಮೇಲೆ ಪಕ್ಕದ ಮನೆಯವರ ಕೋಳಿಗಳು, ಅಲ್ಲಿಂದ ಮುಂದೆ ಜಗಳ. ಮಂಗನನ್ನು ಕಂಡರೆ ಅಟ್ಟಿಕೊಂಡು ಹೋಗಬಹುದು, ಆದರೆ ಕರೆದಾಗ ಹಿಂತಿರುಗಿ ಬರುವ ಭರವಸೆಯಿಲ್ಲ. ಕಾಡುಹಂದಿಗೆಂದು ಯಾರೋ ಇಟ್ಟ ಉರುಳಿಗೆ ಸಿಕ್ಕಿ, ಚಿರತೆಯ ಬಾಯಿಗೆ ಬಿದ್ದು ಹೋದ ನಾಯಿಗಳು ನಮ್ಮ ಸೀಮೆಯಲ್ಲಿ ಕಡಿಮೆಯಿಲ್ಲ. ಕೊಳೆ ರೋಗಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಡ್ರಮ್ಮಿನಲ್ಲಿ ಕದಡಿಟ್ಟ ಮೈಲುತುತ್ತಿನ ದ್ರಾವಣಕ್ಕೆ ನಾಯಿ ಬಾಯಿ ಹಾಕದಂತೆಯೂ ಕಾಯಬೇಕು. ತೋಟ ಕಾಯಲು ನಮ್ಮ ಊರುನಾಯಿಯೇ ಸಾಕು, ಅದಕ್ಕೆ ಇಲ್ಲಿನ ಮಳೆಯೂ ಗೊತ್ತು, ಕಾಡೂ ಗೊತ್ತು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಎಲ್ಲರಿಗೂ ಧನ್ಯವಾದಗಳು. ಮಂಗ ಓಡಿಸುವ ಮಾತನ್ನು ಅಪ್ಪಯ್ಯ ಕೈಬಿಟ್ಟಿದ್ದಾರೆ. ಡಿಸೆಂಬರಿನಲ್ಲಿ ಒಂದು ತಿಂಗಳು ತಂದಿಟ್ಟುಕೊಂಡು ನೋಡಿ ಆಮೇಲೆ ತೀರ್ಮಾನಿಸಬಹುದೇ ಎಂದು ಕೇಳುವ ಮನಸ್ಸಾಗಿದೆ.

ಉತ್ತರ: ಪಶುವೈದ್ಯ, ಸಾಗರ

ಡಿಸೆಂಬರಿನಲ್ಲಿ ಅದು ಖಂಡಿತ ಚೆನ್ನಾಗಿಯೇ ಇರುತ್ತದೆ, ಆದ್ದರಿಂದ ಆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ತಮ್ಮ ಮನೆಯಲ್ಲಿ ಗಾಳಿಯಾಡುವ, ನೆಲ ಒಣಗಿರುವ ಒಂದು ಕೋಣೆಯನ್ನು ಮಳೆಗಾಲವಿಡೀ ನಾಯಿಗೇ ಬಿಡಲು, ಇನ್ವರ್ಟರ್ ಹಾಕಿಸಲು, ಹಾರಲಾಗದಷ್ಟು ಎತ್ತರದ ಜಾಲರಿಯನ್ನು ಬುಡವನ್ನು ಮಣ್ಣಿನಲ್ಲಿ ಹೂತು ಕಟ್ಟಿಸಲು ಸಾಧ್ಯವೇ ಎಂದು ಮೊದಲು ನೋಡಿ. ದಿನಾ ಓಡಿಸುವವರು ಯಾರು ಎಂಬುದಕ್ಕೂ ಮನೆಯಲ್ಲಿ ಒಬ್ಬರ ಹೆಸರು ನಿಶ್ಚಯವಾಗಬೇಕು. ಇವಿಷ್ಟೂ ಆಗದಿದ್ದರೆ, ಹಸ್ಕಿ ಸಾಕಿ ಅನುಭವವಿರುವ ಮನೆಯೊಂದನ್ನು ಬೆಂಗಳೂರಿನಲ್ಲೇ ಹುಡುಕಲು ಭಾವನವರಿಗೆ ಈಗಲೇ ತಿಳಿಸಿ. ವಿಮಾನದ ದಿನ ಹತ್ತಿರವಾದ ಮೇಲೆ ಹುಡುಕಿದರೆ ಕೇಳಿದವರ ಕೈಗೆ ಕೊಟ್ಟುಬಿಡುವಂತಾಗುತ್ತದೆ. ಒಂದು ವೇಳೆ ತರುವುದೇ ನಿಶ್ಚಯವಾದರೆ, ಲಸಿಕೆಯ ಪುಸ್ತಕದ ಜೊತೆಗೆ ಕಣ್ಣಿನ ತಪಾಸಣೆಯನ್ನೂ ಮಾಡಿಸಿಕೊಂಡು ತನ್ನಿ. ಈ ತಳಿಯಲ್ಲಿ ಚಿಕ್ಕ ವಯಸ್ಸಿನಲ್ಲೇ ಪೊರೆ ಬರುವುದುಂಟು.